ಬೆಳೆ, ಹಸು, ಮೀನು, ಮರ: ನಾಲ್ಕಕ್ಕೂ ವರ್ಷ ಒಂದೇ ಅಲ್ಲ

(ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ಇಲ್ಲಿ ಒಂದು ಸಲಕ್ಕೆ ಇಳಿಸಿದ್ದೇನೆ. ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವಳು. ಊರಿನ ಕಡೆ ಹೋದಾಗ ನನ್ನನ್ನು ಜನ ಕೇಳುವ ಪ್ರಶ್ನೆ ಒಂದೇ. "ಈ ವರ್ಷ ದೇಶದಲ್ಲಿ ಬೆಳೆ ಹೇಗಂತೆ?" ಉತ್ತರವೂ ಒಂದೇ ಮಾತಿನಲ್ಲಿ ಬೇಕು. ಚೆನ್ನಾಗಿದೆ ಅನ್ನಬೇಕು, ಇಲ್ಲ ಹೋಯ್ತು ಅನ್ನಬೇಕು. ಪೇಪರಿನ ತಲೆಬರಹವೂ ಹಾಗೇ ಇರುತ್ತೆ. ಆಹಾರ ಧಾನ್ಯ ಇಷ್ಟು ಕೋಟಿ ಟನ್, ಕೃಷಿ ಬೆಳವಣಿಗೆ ಇಷ್ಟು ಪರ್ಸೆಂಟ್, ಮುಗೀತು.

ಇವತ್ತು ಆ ಒಂದು ಅಂಕಿಯನ್ನು ಬಿಡಿಸಿ ನೋಡೋಣ ಅಂತ ಬಂದಿದ್ದೇನೆ. ಕೃಷಿ ಅಂತ ನಾವು ಒಂದೇ ಹೆಸರಿನಲ್ಲಿ ಕರೆಯುವುದರ ಒಳಗೆ ನಾಲ್ಕು ಬೇರೆ ಬೇರೆ ಬದುಕುಗಳಿವೆ. ಬೆಳೆ, ಜಾನುವಾರು, ಅರಣ್ಯ, ಮೀನು. ನಾಲ್ಕಕ್ಕೂ ಲೆಕ್ಕ ಬರೆಯುವಾಗ ವರ್ಷಕ್ಕೊಂದು ಅಂಕಿ ಬರೆಯುತ್ತೇವೆ. ಆದರೆ ವರ್ಷ ಅನ್ನುವುದು ಈ ನಾಲ್ಕಕ್ಕೂ ಒಂದೇ ಅಲ್ಲ.

ರಾಗಿಗೆ ವರ್ಷ ಅಂದರೆ ಒಂದು ಮಳೆಗಾಲ. ಫಾರಂ ಕೋಳಿಯ ಬಾಳು ನಲವತ್ತು ದಿನಕ್ಕೆ ಮುಗಿಯುತ್ತೆ. ಒಂದೇ ಶೆಡ್ಡಿನಲ್ಲಿ ವರ್ಷಕ್ಕೆ ಐದಾರು ತಂಡ ಬಂದು ಹೋಗುತ್ತವೆ. ಹೆಣ್ಣು ಕರು ಹುಟ್ಟಿ, ಬೆಳೆದು, ಗಬ್ಬ ಕಟ್ಟಿ, ಹಾಲಿಗೆ ಬರಲು ಎರಡೂವರೆಯಿಂದ ಮೂರು ವರ್ಷ ಬೇಕು. ನೀಲಗಿರಿಗೆ ಏಳೆಂಟು ವರ್ಷ. ತೇಗ ಹಾಕಿದವರು ಮಗಳ ಮದುವೆಗೆ, ಇಲ್ಲ ಮೊಮ್ಮಗನ ಓದಿಗೆ ಅಂತ ಹಾಕುತ್ತಾರೆ. ಇವೆಲ್ಲವನ್ನೂ ಒಂದೇ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಡಬ್ಬಿಗೆ ತುಂಬಿ, ಹೋದ ವರ್ಷಕ್ಕಿಂತ ಏರಿತೋ ಇಳಿಯಿತೋ ಅಂತ ನೋಡುತ್ತೇವೆ. ನೋಡಬೇಕಾದ್ದೇ. ಆದರೆ ಒಂದೊಂದರ ಕಾಲ ತಿಳಿದು ನೋಡಬೇಕು. ನನ್ನ ಇವತ್ತಿನ ಮಾತೆಲ್ಲ ಇಷ್ಟೇ.

ಮೊದಲು ಈ ಅಂಕಿ ಎಲ್ಲಿ ಹುಟ್ಟುತ್ತೆ ಅಂತ ಹೇಳಿಬಿಡುತ್ತೇನೆ. ಯಾಕಂದರೆ ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹಿಂದೆ ನಮ್ಮಲ್ಲಿ ಆಣೆವಾರಿ ಅಂತ ಇತ್ತು. ಹಿರಿಯರಿಗೆ ನೆನಪಿರುತ್ತೆ. ಹೊಲದ ಬದುವಿನ ಮೇಲೆ ನಿಂತು ಬೆಳೆ ನೋಡಿ, ಇದು ಹನ್ನೆರಡಾಣೆ ಬೆಳೆ, ಅದು ಎಂಟಾಣೆ ಬೆಳೆ ಅಂತ ಕಣ್ಣಂದಾಜಿನಲ್ಲಿ ಬರೆಯುತ್ತಿದ್ದರು. ಹದಿನಾರಾಣೆ ಅಂದರೆ ಪೂರ್ತಿ ಬೆಳೆ. ನಾವು ಈಗಲೂ "ಹದಿನಾರಾಣೆ ನಿಜ" ಅಂತೀವಲ್ವಾ, ಅದೇ ಲೆಕ್ಕ. ಬರೆಯುವವರ ಕಣ್ಣಿನ ಮೇಲೆ, ಮನಸ್ಸಿನ ಮೇಲೆ ಆ ಅಂಕಿ ನಿಂತಿತ್ತು. 1940ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಪಿ.ವಿ. ಸುಖಾತ್ಮೆ ಮತ್ತು ವಿ.ಜಿ. ಪಾನ್ಸೆ ಅವರು ಇದನ್ನು ಬದಲಿಸಿದರು. ಯಾವ ಹೊಲ, ಹೊಲದಲ್ಲಿ ಯಾವ ಜಾಗ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಅಲ್ಲಿ ಕೊಯ್ದು ತೂಗುವ ಪದ್ಧತಿ ತಂದರು. ಅದೇ ಇವತ್ತಿನ ಬೆಳೆ ಕಟಾವು ಪ್ರಯೋಗ.

ಒಂದು ಡಿಸೆಂಬರ್ ಬೆಳಿಗ್ಗೆ ರಾಗಿ ಹೊಲದಲ್ಲಿ ಅಂಥ ಪ್ರಯೋಗ ನೋಡಲು ಹೋಗಿದ್ದೆ. ಗ್ರಾಮ ಆಡಳಿತ ಅಧಿಕಾರಿ ಹೊಲದ ನೈಋತ್ಯ ಮೂಲೆಯಲ್ಲಿ ನಿಂತರು. ಕೈಯಲ್ಲಿದ್ದ ಸಂಖ್ಯೆಯ ಪ್ರಕಾರ ಉದ್ದಕ್ಕೆ ಇಷ್ಟು ಹೆಜ್ಜೆ, ಅಗಲಕ್ಕೆ ಇಷ್ಟು ಹೆಜ್ಜೆ ನಡೆದರು. ನಿಂತ ಜಾಗದಲ್ಲಿ ಗೂಟ ಹೊಡೆದರು. ಐದು ಮೀಟರಿಗೆ ಐದು ಮೀಟರ್ ಹಗ್ಗ ಕಟ್ಟಿದರು. ಆ ಚೌಕದಲ್ಲಿ ಒಂದು ಮೂಲೆ ಸೊರಗಿತ್ತು. ಹೊಲದವರು, "ಸಾರ್, ಆ ಕಡೆ ಚೆನ್ನಾಗಿದೆ, ಸ್ವಲ್ಪ ಸರಿಸಿಕೊಳ್ಳಿ" ಅಂದರು. ಪಕ್ಕದಲ್ಲಿದ್ದ ಅವರ ಮಗ, "ಬೇಡಪ್ಪ, ಇನ್ಶೂರೆನ್ಸ್ ಕಟ್ಟಿದ್ದೀವಿ, ಇಲ್ಲೇ ಇರಲಿ" ಅಂದ. ಅಧಿಕಾರಿ ಇಬ್ಬರ ಮಾತನ್ನೂ ಕೇಳಲಿಲ್ಲ. ಹಗ್ಗ ಬಿದ್ದ ಕಡೆಯೇ ಕೊಯ್ಲು ಆಯಿತು. ಹಗ್ಗದ ಮೇಲೆಯೇ ಬಂದ ಗಿಡಗಳನ್ನು ಒಂದೊಂದಾಗಿ ನೋಡಿ, ಬುಡ ಒಳಗಿದ್ದರೆ ಸೇರಿಸಿ, ಹೊರಗಿದ್ದರೆ ಬಿಟ್ಟರು. ಟಾರ್ಪಾಲಿನ ಮೇಲೆ ತೆನೆ ಬಡಿದು, ಮೊರದಲ್ಲಿ ತೂರಿ, ಕಾಳು ತೂಗಿದರು.

ಇಪ್ಪತ್ತೈದು ಚದರ ಮೀಟರ್ ಅಂದರೆ ಒಂದು ಹೆಕ್ಟೇರಿನ ನಾನೂರರಲ್ಲಿ ಒಂದು ಪಾಲು. ಅಂದರೆ ಆ ತಕ್ಕಡಿಯಲ್ಲಿ ನೂರು ಗ್ರಾಂ ತಪ್ಪಿದರೆ ಹೆಕ್ಟೇರಿಗೆ ನಲವತ್ತು ಕೆಜಿ ತಪ್ಪಿದ ಹಾಗೆ. ಆ ದಿನದಿಂದ ನಾನು "ಕೋಟಿ ಟನ್" ಅನ್ನುವ ಪದ ಓದಿದಾಗೆಲ್ಲ ಆ ಮೊರ ನೆನಪಾಗುತ್ತೆ. ಇಂಥ ಸಾವಿರಾರು ಚೌಕಗಳ ಮೇಲೆ ದೇಶದ ಅಂಕಿ ನಿಂತಿದೆ. ಫಸಲ್ ಬಿಮಾ ಪರಿಹಾರವೂ ಅದರ ಮೇಲೆಯೇ ನಿಂತಿದೆ. ಹಗ್ಗ ಸರಿಸದ ಆ ಅಧಿಕಾರಿಗೆ ನಾವೆಲ್ಲ ಋಣಿಗಳು.

ಈಗ ಅಂಕಿಗಳಿಗೆ ಬರೋಣ. 1950-51ರಲ್ಲಿ ಭಾರತದ ಆಹಾರ ಧಾನ್ಯ ಸುಮಾರು 5 ಕೋಟಿ ಟನ್. 2023-24ರಲ್ಲಿ 33 ಕೋಟಿ ಟನ್ ದಾಟಿದೆ. ಈ ಏಣಿ ನೇರವಾಗಿ ಹತ್ತಿಲ್ಲ. ನಡುವೆ ಜಾರಿದ ಮೆಟ್ಟಿಲುಗಳಿವೆ. ನನಗೆ ಪಾಠ ಹೇಳಿದ್ದು ಆ ಜಾರಿದ ಮೆಟ್ಟಿಲುಗಳೇ.

1965-66ರ ಬರದಲ್ಲಿ ಧಾನ್ಯ 8.9 ಕೋಟಿ ಟನ್‌ನಿಂದ 7.2 ಕೋಟಿ ಟನ್‌ಗೆ ಇಳಿಯಿತು. ಐದರಲ್ಲಿ ಒಂದು ಪಾಲು ಹೋಯಿತು. 2002ರಲ್ಲಿ ಮುಂಗಾರು ಶೇ. 19ರಷ್ಟು ಕೈಕೊಟ್ಟಿತು. ಧಾನ್ಯ 21.3 ಕೋಟಿಯಿಂದ 17.5 ಕೋಟಿ ಟನ್‌ಗೆ ಬಿತ್ತು. ಅಲ್ಲೂ ಹೆಚ್ಚುಕಡಿಮೆ ಅಷ್ಟೇ ಪಾಲು. ಆಮೇಲೆ 2009 ಬಂತು. ಮುಂಗಾರು ಶೇ. 22ರಷ್ಟು ಕಡಿಮೆ. 2002ಕ್ಕಿಂತ ಕೆಟ್ಟ ಮಳೆ. ಆದರೆ ಧಾನ್ಯ ಇಳಿದದ್ದು 23.4 ಕೋಟಿಯಿಂದ 21.8 ಕೋಟಿ ಟನ್‌ಗೆ, ಶೇ. 7ರಷ್ಟು. 2014 ಮತ್ತು 2015, ಬೆನ್ನು ಬೆನ್ನಿಗೆ ಎರಡು ಬರ. 26.5 ಕೋಟಿ ಇದ್ದದ್ದು 25.2 ಕೋಟಿ ಆಗಿ ಅಲ್ಲೇ ನಿಂತಿತು. ಮುಂದಿನ ವರ್ಷ ಮಳೆ ಬಂದ ಕೂಡಲೇ 27.5 ಕೋಟಿಗೆ ಏರಿತು.

"ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅನ್ನುವ ಗಾದೆ ನಮ್ಮದು. ಮಳೆಗೂ ಧಾನ್ಯಕ್ಕೂ ಇದ್ದ ಆ ಬಿಗಿ ಗಂಟು ಸ್ವಲ್ಪ ಸಡಿಲವಾಗಿದೆ ಅಂತ ಈ ಅಂಕಿಗಳು ಹೇಳುತ್ತವೆ. ಕಾರಣ ಕಾಲುವೆ ಇರಬಹುದು, ಹಿಂಗಾರಿನ ಗೋಧಿ ಇರಬಹುದು. ಆದರೆ ದೊಡ್ಡ ಕಾರಣ ಕೊಳವೆಬಾವಿ. ಇಲ್ಲಿ ನಾನು ಖುಷಿಪಡಲಾರೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳಿವೆ. ಬರದ ವರ್ಷದಲ್ಲಿ ಅಂಕಿ ಬೀಳಲಿಲ್ಲ ಅಂದರೆ, ಎಷ್ಟೋ ಕಡೆ ನೆಲದಡಿಯ ನೀರನ್ನು ಸಾಲ ತಂದು ಆ ವರ್ಷ ದಾಟಿದ್ದೇವೆ ಅಂತ ಅರ್ಥ. ಉತ್ಪಾದನೆಯ ಪಟ್ಟಿಯಲ್ಲಿ ಆ ಸಾಲಕ್ಕೆ ಕಾಲಂ ಇಲ್ಲ.

ಇನ್ನೊಂದು ವಿಷಯ ಬೇಗ ಹೇಳಿ ಮುಂದೆ ಹೋಗುತ್ತೇನೆ. ಧಾನ್ಯವನ್ನೇ ಬೆಳೆ ಅಂದುಕೊಂಡಿದ್ದೇವೆ. ಆದರೆ 2012-13ರಿಂದ ದೇಶದ ಹಣ್ಣು, ತರಕಾರಿ, ಹೂವು, ಸಾಂಬಾರ ಪದಾರ್ಥಗಳ ಒಟ್ಟು ತೂಕ ಆಹಾರ ಧಾನ್ಯಕ್ಕಿಂತ ಜಾಸ್ತಿ ಇದೆ. ತೋಟ ಗದ್ದೆಯನ್ನು ದಾಟಿದೆ. ತಲೆಬರಹ ಮಾತ್ರ ಇನ್ನೂ ಗದ್ದೆಯಲ್ಲೇ ಇದೆ.

ಈಗ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡೋಣ. ಟನ್ ಹಾಲನ್ನೂ ಟನ್ ಮರವನ್ನೂ ಕೂಡಿಸಲು ಆಗುವುದಿಲ್ಲ, ಅಲ್ವಾ? ಅದಕ್ಕೆ ರೂಪಾಯಿಗೆ ತಿರುಗಿಸಬೇಕು. ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಪ್ರತಿ ವರ್ಷ ಇದಕ್ಕೆಂದೇ ಒಂದು ವರದಿ ತರುತ್ತದೆ. 2025ರಲ್ಲಿ ಬಂದ ವರದಿಯಲ್ಲಿ 2011-12ರಿಂದ 2023-24ರವರೆಗಿನ ಲೆಕ್ಕ ಇದೆ.

ರೂಪಾಯಿ ಅಂದ ಕೂಡಲೇ ಒಂದು ಎಚ್ಚರಿಕೆ ಬೇಕು. 2023ರ ಜುಲೈನಲ್ಲಿ ಟೊಮೆಟೊ ಕಿಲೋ ನೂರು ರೂಪಾಯಿ ದಾಟಿತ್ತು, ನೆನಪಿದೆಯಾ? ಆಗ ಹತ್ತು ಬಾಕ್ಸ್ ಬದಲು ಐದೇ ಬಾಕ್ಸ್ ಕಿತ್ತವರ ಕೈಗೂ ಜಾಸ್ತಿ ದುಡ್ಡು ಬಂದಿರಬಹುದು. ದುಡ್ಡು ನೋಡಿದರೆ ಬೆಳೆ ಹೆಚ್ಚಿದ ಹಾಗೆ ಕಾಣುತ್ತೆ. ಬಾಕ್ಸ್ ನೋಡಿದರೆ ಅರ್ಧ ಆಗಿದೆ. ಈ ಮೋಸ ಹೋಗದಿರಲು ಎಲ್ಲ ವರ್ಷದ ಬೆಳೆಗೂ ಒಂದೇ ವರ್ಷದ ಬೆಲೆ ಕಟ್ಟುತ್ತಾರೆ. ಇದನ್ನು ಸ್ಥಿರ ಬೆಲೆ ಅಂತಾರೆ. ಆ ವರದಿಯಲ್ಲಿ 2011-12ರ ಬೆಲೆ. ಎರಡರ ನಡುವಿನ ಅಂತರ ಎಷ್ಟು ಅಂತ ನೋಡಿ. ಚಾಲ್ತಿ ಬೆಲೆಯಲ್ಲಿ, ಅಂದರೆ ಆಯಾ ವರ್ಷದ ಬೆಲೆಯಲ್ಲಿ, ಕೃಷಿ ಮತ್ತು ಸಂಬಂಧಿತ ವಲಯದ ಮೌಲ್ಯವರ್ಧನೆ (ಖರ್ಚು ಕಳೆದು ಉಳಿಯುವ ಮೌಲ್ಯ) ಈ ಹನ್ನೆರಡು ವರ್ಷದಲ್ಲಿ 15 ಲಕ್ಷ ಕೋಟಿ ರೂಪಾಯಿಯಿಂದ 48.8 ಲಕ್ಷ ಕೋಟಿಗೆ ಹೋಗಿದೆ. ಮೂರು ಪಟ್ಟಿಗೂ ಜಾಸ್ತಿ. ಸ್ಥಿರ ಬೆಲೆಯಲ್ಲಿ ಒಟ್ಟು ಉತ್ಪನ್ನದ ಮೌಲ್ಯ 19.1 ಲಕ್ಷ ಕೋಟಿಯಿಂದ 29.5 ಲಕ್ಷ ಕೋಟಿಗೆ, ಒಂದೂವರೆ ಪಟ್ಟು. ಯಾರಾದರೂ ಕೃಷಿ ಮೂರು ಪಟ್ಟು ಬೆಳೆಯಿತು ಅಂದರೆ ಯಾವ ಬೆಲೆಯಲ್ಲಿ ಅಂತ ಕೇಳಿ.

ಆ ಒಂದೂವರೆ ಪಟ್ಟನ್ನು ಒಡೆದು ನೋಡಿದಾಗ ನಿಜವಾದ ಕಥೆ ಸಿಗುತ್ತದೆ. ಬೆಳೆಯ ಮೌಲ್ಯ ಸುಮಾರು ಮೂರನೇ ಒಂದು ಭಾಗ ಹೆಚ್ಚಿದೆ. ಅರಣ್ಯ ಅರ್ಧದಷ್ಟು ಹೆಚ್ಚಿದೆ. ಜಾನುವಾರು 4.88 ಲಕ್ಷ ಕೋಟಿಯಿಂದ 9.19 ಲಕ್ಷ ಕೋಟಿಗೆ, ಹತ್ತಿರ ಹತ್ತಿರ ಎರಡು ಪಟ್ಟು. ಮೀನು ಎರಡೂವರೆ ಪಟ್ಟು. ಒಟ್ಟು ಲೆಕ್ಕದಲ್ಲಿ ಬೆಳೆಯ ಪಾಲು ಶೇ. 62 ಇದ್ದದ್ದು ಶೇ. 54ಕ್ಕೆ ಬಂದಿದೆ. ಜಾನುವಾರಿನ ಪಾಲು ಶೇ. 26ರಿಂದ ಶೇ. 31ಕ್ಕೆ, ಮೀನಿನದು ಶೇ. 4ರಿಂದ ಶೇ. 7ಕ್ಕೆ ಏರಿದೆ.

ಇಲ್ಲಿ ನಾನು ನಮ್ಮ ದೊಡ್ಡಮ್ಮನ ವಿಷಯ ಹೇಳಬೇಕು. ತುಮಕೂರು ಜಿಲ್ಲೆಯ ಹಳ್ಳಿ. 2023ರಲ್ಲಿ ರಾಜ್ಯದ 223 ತಾಲ್ಲೂಕು ಬರ ಅಂತ ಘೋಷಣೆ ಆಯಿತಲ್ಲ, ಅವರ ತಾಲ್ಲೂಕೂ ಅದರಲ್ಲಿತ್ತು. ಎರಡು ಎಕರೆ ರಾಗಿ ಮೊಣಕಾಲುದ್ದ ಬಂದು ಒಣಗಿತು. ಕಾಳಿಲ್ಲ, ಹುಲ್ಲೂ ಇಲ್ಲ. ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸು. ದೊಡ್ಡಮ್ಮ ಡೇರಿ ಪುಸ್ತಕ ತೋರಿಸಿದರು. ಬೆಳಿಗ್ಗೆ ಆರು ಲೀಟರ್, ಸಂಜೆ ಐದು, ಕೆಲವು ದಿನ ಐದೂವರೆ. ಆ ವರ್ಷ ಪೂರ್ತಿ ಸಾಲುಗಳು ತಪ್ಪಿಲ್ಲ. ಬಟವಾಡೆ ಬಂದ ದಿನವೇ ಅಂಗಡಿಯ ಸಾಲ ತೀರುತ್ತಿತ್ತು.

ನಾನು ಖುಷಿಯಿಂದ, "ನೋಡು ದೊಡ್ಡಮ್ಮ, ಹೊಲ ಕೈಬಿಟ್ಟರೂ ಹಸು ಕೈಬಿಡಲಿಲ್ಲ" ಅಂದೆ. ಅವರು ಪುಸ್ತಕದ ಹಿಂದಿನ ಹಾಳೆ ತಿರುಗಿಸಿದರು. ಅಲ್ಲಿ ಹಿಂಡಿ, ಬೂಸಾ, ಎರಡು ಲೋಡು ಹುಲ್ಲು ತರಿಸಿದ ಲೆಕ್ಕ ಇತ್ತು. "ಹಾಲೇನೋ ಬಂತು ಕಣವ್ವ. ಬಂದಿದ್ದನ್ನೆಲ್ಲ ಅವೇ ತಿಂದವು" ಅಂದರು.

ಆರ್ಥಿಕ ಲೆಕ್ಕದಲ್ಲಿ ಉತ್ಪನ್ನದ ಮೌಲ್ಯ ಬೇರೆ, ಮೌಲ್ಯವರ್ಧನೆ ಬೇರೆ. ಮೇವು, ಬೀಜ, ಗೊಬ್ಬರ, ಔಷಧಿ ಎಲ್ಲ ಕಳೆದ ಮೇಲೆ ಉಳಿಯುವುದು ಮೌಲ್ಯವರ್ಧನೆ. ಇದನ್ನು ಬೋರ್ಡಿನ ಮೇಲೆ ನಾನು ಎಷ್ಟೋ ವರ್ಷ ಬರೆದಿದ್ದೇನೆ. ಒಂದು ಪುಸ್ತಕದ ಮುಂದಿನ ಹಾಳೆ ಮತ್ತು ಹಿಂದಿನ ಹಾಳೆ ಅಂತ ಅರ್ಥ ಆದದ್ದು ಅವತ್ತು. ದೇಶದ ಹಾಲು 2023-24ರಲ್ಲಿ 23.9 ಕೋಟಿ ಟನ್. 1998ರಿಂದ ಹಾಲಿನಲ್ಲಿ ನಾವೇ ಜಗತ್ತಿಗೆ ಮೊದಲು. ತಲೆಗೆ ದಿನಕ್ಕೆ 471 ಗ್ರಾಂ. ಇದು ಮುಂದಿನ ಹಾಳೆ. ಬರದ ವರ್ಷದಲ್ಲಿ ಹಿಂದಿನ ಹಾಳೆಯನ್ನೂ ಕೇಳಬೇಕು.

ಹಾಲಿನ ಗಡಿಯಾರದ ಬಗ್ಗೆ ಇನ್ನೂ ಒಂದು ಮಾತಿದೆ. 2016ರಿಂದ 2019ರ ಸುಮಾರಿಗೆ ಹಾಲು ವರ್ಷಕ್ಕೆ ಶೇ. 6ಕ್ಕಿಂತ ಜಾಸ್ತಿ ಏರುತ್ತಿತ್ತು. 2022-23ರಲ್ಲಿ ಶೇ. 3.8ಕ್ಕೆ ಇಳಿಯಿತು, ಮರುವರ್ಷವೂ ಅಷ್ಟೇ. 2022ರಲ್ಲಿ ಚರ್ಮಗಂಟು ರೋಗ ಬಂದು ದನಗಳು ಸತ್ತವು, ಅದು ಒಂದು ಕಾರಣ. ಆದರೆ ಇನ್ನೊಂದು ಕಾರಣ ಎರಡು ವರ್ಷ ಹಿಂದೆ ಇತ್ತು ಅಂತ ನಾನು ನಂಬುತ್ತೇನೆ. 2020ರ ಲಾಕ್‌ಡೌನ್‌ನಲ್ಲಿ ಹೋಟೆಲು, ಮದುವೆ ಎಲ್ಲ ನಿಂತು ಹಾಲಿನ ಬೇಡಿಕೆ ಬಿತ್ತು. ಎಷ್ಟೋ ಕಡೆ ಬೆಲೆಯೂ ಬಿತ್ತು. ಕೈಯಲ್ಲಿ ದುಡ್ಡಿಲ್ಲದವರು ಮೊದಲು ಕಡಿಮೆ ಮಾಡುವುದು ಯಾರ ಮೇವನ್ನು? ಹಾಲು ಕೊಡುವ ಹಸುವಿನದ್ದಲ್ಲ. ಕಡಸಿನದ್ದು. ಆ ವರ್ಷ ಸೊರಗಿದ ಕಡಸು ತಡವಾಗಿ ಗಬ್ಬ ಆಗುತ್ತೆ. 2020-21ರ ಹಾಲಿನ ಅಂಕಿಯಲ್ಲಿ ಇದರ ಸುಳಿವೇ ಇರಲಿಲ್ಲ. ಆ ವರ್ಷ ದೇಶದ ಒಟ್ಟು ಆದಾಯ ಶೇ. 5.8ರಷ್ಟು ಕುಸಿದಾಗ ಕೃಷಿ ವಲಯ ಶೇ. 4ರಷ್ಟು ಬೆಳೆದಿತ್ತು. ಎಲ್ಲರೂ ಹೊಗಳಿದರು. 2023ರ ಹೊತ್ತಿಗೆ ಹಾಲಿನ ದರ ಏರಿದಾಗ, ಕೊಟ್ಟಿಗೆಯ ಮೂಲೆಯಲ್ಲಿ ಎರಡು ವರ್ಷ ಹಿಂದೆ ಕಟ್ಟಿದ್ದ ಆ ಕಡಸನ್ನು ಯಾರೂ ನೆನೆಯಲಿಲ್ಲ.

ಕೋಳಿ ಇದಕ್ಕೆ ಪೂರ್ತಿ ಉಲ್ಟಾ. ಬೇಡಿಕೆ ಬಿದ್ದರೆ ಮುಂದಿನ ತಿಂಗಳೇ ಮರಿ ಹಾಕುವುದನ್ನು ನಿಲ್ಲಿಸಬಹುದು, ಏರಿದರೆ ಮತ್ತೆ ಹಾಕಬಹುದು. ದೇಶದ ಮಾಂಸದಲ್ಲಿ ಈಗ ಹತ್ತಿರ ಹತ್ತಿರ ಅರ್ಧ ಕೋಳಿಯದ್ದೇ. ಮೊಟ್ಟೆ 2023-24ರಲ್ಲಿ 14,277 ಕೋಟಿ. ಬೇಗ ತಿರುಗುವ ಈ ಚಕ್ರವೇ ಮಾಂಸದ ಅಂಕಿಯನ್ನು ಎತ್ತಿ ಹಿಡಿದಿದೆ.

ಉಣ್ಣೆಯ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ಹೇಳುತ್ತೇನೆ. 2014-15ರಲ್ಲಿ ದೇಶದ ಉಣ್ಣೆ 4.8 ಕೋಟಿ ಕೆಜಿ. 2023-24ರಲ್ಲಿ 3.4 ಕೋಟಿ ಕೆಜಿಗೂ ಕಡಿಮೆ. ಹಾಗಾದರೆ ಕುರಿ ಕಡಿಮೆ ಆಯಿತಾ? ಇಲ್ಲ. 2012ರ ಜಾನುವಾರು ಗಣತಿಯಲ್ಲಿ ಕುರಿ 6.5 ಕೋಟಿ, 2019ರಲ್ಲಿ 7.4 ಕೋಟಿ. ಕುರಿ ಹೆಚ್ಚಿತು, ಉಣ್ಣೆ ಇಳಿಯಿತು. ಕುರಿ ಈಗ ಮಾಂಸಕ್ಕೆ. ಚಿತ್ರದುರ್ಗದ ಕಡೆ ಕಂಬಳಿ ನೇಯುವವರನ್ನು ಕೇಳಿದರೆ ಇದನ್ನೇ ಹೇಳುತ್ತಾರೆ. ಕತ್ತರಿಸಿದ ಉಣ್ಣೆಗೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ ಅಂತ. ಬರೀ ಕುರಿಯ ಸಂಖ್ಯೆ ನೋಡಿ ಇದು ಗೊತ್ತಾಗುವುದಿಲ್ಲ.

ಹಣ್ಣಿನಲ್ಲೂ ಇಂಥದ್ದೊಂದು ಬದಲಾವಣೆ ಆಗಿದೆ. ಬಹಳ ವರ್ಷ ಹಣ್ಣುಗಳಲ್ಲಿ ಮೌಲ್ಯದ ಲೆಕ್ಕದಲ್ಲಿ ಮಾವೇ ಮೊದಲು. 2023-24ರಲ್ಲಿ ಬಾಳೆ ಮುಂದೆ ಬಂದಿದೆ. ಸ್ಥಿರ ಬೆಲೆಯಲ್ಲಿ ಬಾಳೆ 47,000 ಕೋಟಿ, ಮಾವು 46,100 ಕೋಟಿ. ಮಾವಿನ ಮರ ಒಂದು ವರ್ಷ ತುಂಬಿ ಬಿಟ್ಟರೆ ಮರುವರ್ಷ ದಣಿಯುತ್ತೆ. ಶ್ರೀನಿವಾಸಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಳೆ ಹಾಗಲ್ಲ, ನೀರು ಗೊಬ್ಬರ ಕೊಟ್ಟರೆ ಹನ್ನೆರಡು ತಿಂಗಳಿಗೆ ಗೊನೆ. ಆದ್ದರಿಂದ ಮಾವು ಈ ವರ್ಷ ಇಳಿಯಿತು ಅಂತ ಗಾಬರಿ ಆಗುವ ಮೊದಲು ಎರಡು ವರ್ಷದ್ದನ್ನು ಕೂಡಿಸಿ ನೋಡಬೇಕು.

ಮೀನಿಗೆ ಬರುತ್ತೇನೆ. ಇದು ನನಗೆ ಬಹಳ ಇಷ್ಟವಾದ ಭಾಗ, ಮತ್ತು ಬಹಳ ಚಿಂತೆಯ ಭಾಗ.

1950-51ರಲ್ಲಿ ದೇಶದ ಮೀನು 7.5 ಲಕ್ಷ ಟನ್. ಅದರಲ್ಲಿ ಸಮುದ್ರದ್ದು 5.3 ಲಕ್ಷ, ಕೆರೆ ಹೊಳೆಯದ್ದು 2.2 ಲಕ್ಷ. 2023-24ರಲ್ಲಿ ಒಟ್ಟು 184 ಲಕ್ಷ ಟನ್. ಸಮುದ್ರದ್ದು 45 ಲಕ್ಷ, ಒಳನಾಡಿನದ್ದು 139 ಲಕ್ಷ. ಅಂದರೆ ತಕ್ಕಡಿ ಮಗುಚಿದೆ. ಹಿಡಿಯುವ ಕೆಲಸ ಇದ್ದದ್ದು ಸಾಕುವ ಕೆಲಸ ಆಗಿದೆ. ಕಾಟ್ಲಾ, ರೋಹು ಮರಿ ಬಿಟ್ಟರೆ ವರ್ಷದೊಳಗೆ ಹಿಡಿಯಬಹುದು. 2009ರಲ್ಲಿ ವನ್ನಾಮಿ ಸೀಗಡಿ ಸಾಕಲು ಅನುಮತಿ ಸಿಕ್ಕ ಮೇಲೆ ಆಂಧ್ರದ ಕರಾವಳಿಯ ಚಹರೆಯೇ ಬದಲಾಯಿತು. ಆ ಸೀಗಡಿಗೆ ನಾಲ್ಕು ತಿಂಗಳು ಸಾಕು. 2023-24ರಲ್ಲಿ ದೇಶ 60,500 ಕೋಟಿ ರೂಪಾಯಿಯ ಸಮುದ್ರ ಉತ್ಪನ್ನ ರಫ್ತು ಮಾಡಿತು. ಅದರಲ್ಲಿ ಮೂರನೇ ಎರಡು ಪಾಲು ಸೀಗಡಿಯ ದುಡ್ಡು.

ಸಮುದ್ರದ ಕಥೆ ಬೇರೆ. ಅಲ್ಲಿ ಬಿತ್ತುವವರು ನಾವಲ್ಲ. ಕರಾವಳಿಯವರ ಭೂತಾಯಿ ಮೀನನ್ನು ತೆಗೆದುಕೊಳ್ಳಿ. ಘಟ್ಟದ ಮೇಲಿನವರಿಗೆ ಹೇಳುವುದಾದರೆ ಮತ್ತಿ ಅಂತಲೂ ಕರೆಯುವ, ಕೈಯಗಲದ, ಎಣ್ಣೆ ಜಾಸ್ತಿ ಇರುವ ಮೀನು. ಬಡವರ ಊಟದ ಮೀನು. ಕೊಚ್ಚಿಯ ಸಿಎಂಎಫ್‌ಆರ್‌ಐ, ಅಂದರೆ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಬಂದರುಗಳಲ್ಲಿ ಬುಟ್ಟಿ ಲೆಕ್ಕ ಹಾಕಿ ಇದರ ಅಂದಾಜು ಮಾಡುತ್ತದೆ. 2012ರಲ್ಲಿ ಕೇರಳ ಒಂದರಲ್ಲೇ ಭೂತಾಯಿ 3.9 ಲಕ್ಷ ಟನ್ ಬಂದಿತ್ತು. 2021ರಲ್ಲಿ ಬಂದದ್ದು 3,297 ಟನ್. ತಪ್ಪು ಕೇಳಿಸಿಕೊಂಡಿಲ್ಲ ನೀವು. ಲಕ್ಷಗಳಿಂದ ಮೂರು ಸಾವಿರಕ್ಕೆ. ಮರುವರ್ಷ ಮತ್ತೆ ಒಂದು ಲಕ್ಷ ಟನ್ ದಾಟಿತು.

ಭೂತಾಯಿ ಒಂದು ವರ್ಷದೊಳಗೆ ಬಲಿತು ಮರಿ ಮಾಡುತ್ತೆ. ಎರಡು, ಎರಡೂವರೆ ವರ್ಷಕ್ಕಿಂತ ಹೆಚ್ಚು ಬದುಕುವುದಿಲ್ಲ. ಸಮುದ್ರ ಬಿಸಿಯಾಗಿ, ಅದು ತಿನ್ನುವ ಸಣ್ಣ ಜೀವಿಗಳು ಒಂದು ವರ್ಷ ಕಡಿಮೆಯಾದರೆ ಇಡೀ ತಲೆಮಾರು ಬಡವಾಗುತ್ತೆ. 2015ರ ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರ ಬಿಸಿಯೇರುವ ವಿದ್ಯಮಾನದ ಸಮಯದಲ್ಲಿ ಹಾಗೆ ಆಯಿತು ಅಂತ ವಿಜ್ಞಾನಿಗಳು ಹೇಳುತ್ತಾರೆ. ಅದರ ಮೇಲೆ ಬಲಿಯದ ಮರಿ ಮೀನನ್ನು ಬಾಚಿ ಎಣ್ಣೆ, ಹಿಟ್ಟಿನ ಕಾರ್ಖಾನೆಗೆ ಕಳಿಸಿದರೆ? ಆ ವರ್ಷದ ತೂಕ ಹೆಚ್ಚುತ್ತೆ. ಅಂಕಿ ಚೆನ್ನಾಗಿ ಕಾಣುತ್ತೆ. ಮರುವರ್ಷದ ಮೀನನ್ನು ಈ ವರ್ಷವೇ ತೂಗಿರುತ್ತೇವೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ 61 ದಿನ ರಜೆ ಇರುವುದು ಇದಕ್ಕೇ. ಮಲ್ಪೆಯಲ್ಲಿ ಬೋಟುಗಳು ಒಂದಕ್ಕೊಂದು ಅಂಟಿ ನಿಂತಿರುವಾಗ, ಸಮುದ್ರದಲ್ಲಿ ಮುಂದಿನ ವರ್ಷದ ಅಂಕಿ ಬೆಳೆಯುತ್ತಿರುತ್ತದೆ.

ಮರದಲ್ಲಿ ಇದು ಇನ್ನೂ ನಿಧಾನ. ಅರಣ್ಯದ ಮೌಲ್ಯ ಹನ್ನೆರಡು ವರ್ಷದಲ್ಲಿ 1.49 ಲಕ್ಷ ಕೋಟಿಯಿಂದ 2.27 ಲಕ್ಷ ಕೋಟಿಗೆ ಏರಿದೆ. ಒಳಗೆ ನೋಡಿದರೆ ಕೈಗಾರಿಕಾ ಮರದ ಪಾಲು ಅರ್ಧ ಇದ್ದದ್ದು ಶೇ. 70 ಆಗಿದೆ. ಸೌದೆಯ ಪಾಲು ಇಳಿದಿದೆ. 2016ರಲ್ಲಿ ಉಜ್ವಲಾ ಶುರುವಾಗಿ ಹಳ್ಳಿ ಮನೆಗಳಿಗೆ ಗ್ಯಾಸ್ ಬಂದದ್ದು ಇದರಲ್ಲಿ ಸೇರಿದೆ. ಹಾಗಂತ ಏರಿದ ಮರವೆಲ್ಲ ಕಾಡಿನದ್ದಲ್ಲ. ಹರಿಯಾಣದ ಯಮುನಾನಗರದ ಪ್ಲೈವುಡ್ ಕಾರ್ಖಾನೆಗಳಿಗೆ ಹೋಗುವ ಪಾಪ್ಲರ್ ರೈತರ ಹೊಲದ್ದು. ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್ ಕೂಡ ಹಾಗೇ. ಬಿದಿರನ್ನು 2017ರಲ್ಲಿ ಕಾನೂನು ತಿದ್ದಿ, ಅರಣ್ಯದ ಹೊರಗೆ ಬೆಳೆದದ್ದನ್ನು ಮರದ ಪಟ್ಟಿಯಿಂದ ತೆಗೆದರು.

ಮರ ಬೆಳೆಯುವ ಹತ್ತು ವರ್ಷ ಪಟ್ಟಿಯಲ್ಲಿ ಸದ್ದಿಲ್ಲ. ಕಡಿದು ಮಾರಿದ ವರ್ಷ ಪೂರ್ತಿ ದುಡ್ಡು ಕಾಣುತ್ತೆ. ಹಾಗಾಗಿ ಅರಣ್ಯದ ಅಂಕಿ ಏರಿದ ವರ್ಷ ನಾನು ಮೊದಲು ಕೇಳುವುದು ನೆಟ್ಟವರು ಎಷ್ಟು ಅಂತ. ಆ ಉತ್ತರ ಬೇರೆ ವರದಿಯಲ್ಲಿ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಿಗೆ ಬರಬೇಕು ಅಂತ ನನ್ನಾಸೆ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, 2023-24ರ ಲೆಕ್ಕದಲ್ಲಿ ನಮ್ಮ ದುಡಿಯುವ ಜನರಲ್ಲಿ ಶೇ. 46 ಮಂದಿ ಇನ್ನೂ ಈ ನಾಲ್ಕರ ಮೇಲೆಯೇ ಇದ್ದರು. ದೇಶದ ಆದಾಯದಲ್ಲಿ ಅವರ ಪಾಲು ಶೇ. 18ರ ಆಸುಪಾಸು. ಬರ ಬಂದಾಗ ಪರಿಹಾರ ಅಂದರೆ ನಾವು ಹೊಲ ಅಳೆಯುತ್ತೇವೆ. ಹೊಲ ಇಲ್ಲದೆ ನಾಲ್ಕು ಮೇಕೆ ಇಟ್ಟುಕೊಂಡವರು, ಕೆರೆ ಹರಾಜು ಹಿಡಿದು ಮರಿ ಬಿಟ್ಟವರು ಆ ಅಳತೆಯಲ್ಲಿ ಬರುವುದಿಲ್ಲ. ಕೆರೆ ಒಣಗಿದರೆ ಅವರದ್ದೂ ಬರವೇ. ಉತ್ಪಾದನೆಯ ಪಟ್ಟಿಯಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ತಂದುಕೊಡುವ ಜಾನುವಾರು ಮತ್ತು ಮೀನಿಗೆ ಪಶುವೈದ್ಯರು, ವಿಮೆ, ಸಾಲ, ಮೇವು ಬ್ಯಾಂಕು ಅದೇ ಅಳತೆಯಲ್ಲಿ ಸಿಗಬೇಕು. ಇದು ನನ್ನ ಬೇಡಿಕೆ, ಮುಚ್ಚುಮರೆ ಇಲ್ಲ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. "ಮೇಡಂ, ನಮ್ಮದು ಒಂದೇ ಎಮ್ಮೆ. ಡೇರಿಗೆ ಹಾಕಲ್ಲ, ಹಾಲು ಮೊಸರು ಮನೆಗೇ ಆಗೋಗುತ್ತೆ. ಅದೂ ಈ ಲೆಕ್ಕದಲ್ಲಿ ಬರುತ್ತಾ?"

ಬರುತ್ತೆ ಅಂದೆ. ಹಾಲಿನ ಅಂದಾಜು ಡೇರಿಯ ಲೆಕ್ಕದಿಂದ ಆಗುವುದಿಲ್ಲ. ಬೇಸಿಗೆ, ಮಳೆ, ಚಳಿ ಅಂತ ವರ್ಷಕ್ಕೆ ಮೂರು ಸಲ ಆಯ್ದ ಹಳ್ಳಿಗಳಿಗೆ ಸಿಬ್ಬಂದಿ ಬರುತ್ತಾರೆ. ಆಯ್ದ ಮನೆಯ ಹಸು ಎಮ್ಮೆ ಕೊಟ್ಟ ಹಾಲನ್ನು ಅಳೆಯುತ್ತಾರೆ. ಮಾರಿದರೂ ಸರಿ, ಮಕ್ಕಳು ಕುಡಿದರೂ ಸರಿ. ಹುಲ್ಲಿಗೂ ಲೆಕ್ಕ ಇದೆ. ಸಗಣಿಗೂ ಇದೆ, ಗೊಬ್ಬರಕ್ಕೆ ಇಷ್ಟು, ಬೆರಣಿಗೆ ಇಷ್ಟು ಅಂತ. ನೀವು ಹೊಲದ ಬದುವಿನಿಂದ ತರುವ ಸೌದೆಯೂ ಮನೆಮನೆ ಸಮೀಕ್ಷೆಯಿಂದ ಅಂದಾಜಾಗಿ ಅರಣ್ಯದ ಸಾಲಿಗೆ ಸೇರುತ್ತೆ.

"ಮತ್ತೆ ಹುಲ್ಲು ಕೊಯ್ದು ತರೋದು, ಕೊಟ್ಟಿಗೆ ಬಾಚೋದು, ನಾವು ಮಾಡೋದು?"

ಆ ದುಡಿಮೆಯ ಹೊತ್ತಿಗೆ ಪಟ್ಟಿಯಲ್ಲಿ ಬೇರೆ ಸಾಲು ಇಲ್ಲ ಅಂದೆ. ಅದು ಹಾಲಿನ ಮೌಲ್ಯದೊಳಗೇ ಕರಗಿರುತ್ತದೆ, ಯಾರ ಕೈ ಅಂತ ಬರೆದಿರುವುದಿಲ್ಲ. ದಿನದ ಇಪ್ಪತ್ತನಾಲ್ಕು ಗಂಟೆ ಹೇಗೆ ಕಳೆಯಿತು ಅಂತ ಕೇಳುವ ಸಮಯ ಬಳಕೆ ಸಮೀಕ್ಷೆ 2019ರಲ್ಲಿ ಒಮ್ಮೆ, 2024ರಲ್ಲಿ ಒಮ್ಮೆ ದೇಶಪೂರ್ತಿ ನಡೆದಿದೆ. ಅಲ್ಲಿ ನಿಮ್ಮ ಗಂಟೆಗಳು ಸಿಗುತ್ತವೆ.

ಅವರು ಸ್ವಲ್ಪ ಹೊತ್ತು ಯೋಚಿಸಿ, "ನಮ್ಮ ಮನೆಗೆ ಕೇಳೋಕೆ ಬಂದ್ರೆ ಬೆಳಿಗ್ಗೆ ನಾಲ್ಕೂವರೆಯಿಂದ ಬರ್ಕೊಳ್ಳಿ ಅಂತೀನಿ" ಅಂದರು. ಅವರ ಪಕ್ಕದಲ್ಲಿ ಕೂತಿದ್ದ ಹುಡುಗಿ, ನಮ್ಮ ಕಾಲೇಜಿನವಳೇ, ನೋಟ್‌ಬುಕ್ ತೆಗೆದು ಆ ನಾಲ್ಕೂವರೆಯನ್ನು ಬರೆದುಕೊಂಡಳು.